ಖಾಲಿ ಕರಡಿಗೆಯನ್ನು ಓದಲು ಹೋದದ್ದು

ಭದ್ರಾವತಿ, ಹೊರಡುವ ಮೊದಲು

ಪ್ರವಾಸ ಕಥನ ಬರೆಯುವವರು ಮೊದಲ ಸಾಲಿನಲ್ಲೇ ಊರಿನ ಹೆಸರು ಹೇಳುತ್ತಾರೆ. ನನಗೆ ಆ ಭಾಗ್ಯವಿಲ್ಲ. ಹೋದ ದೇಶದ ಹೆಸರು, ಊರಿನ ಹೆಸರು, ಅಲ್ಲಿ ಕಂಡ ಅಧಿಕಾರಿಗಳ ಹೆಸರು, ನನ್ನ ತಮ್ಮನನ್ನು ಹಿಡಿದಿಟ್ಟುಕೊಂಡಿದ್ದ ಸರ್ಕಾರದ ಹೆಸರು, ಯಾವುದನ್ನೂ ಎಲ್ಲೂ ಹೇಳುವುದಿಲ್ಲ ಎಂದು ನನ್ನಿಂದ ಬರೆಸಿಕೊಂಡಿದ್ದಾರೆ. ಮೂರು ಪ್ರತಿ, ಮೂರಕ್ಕೂ ಸಹಿ. ಆ ಕಾಗದವನ್ನು ಎರಡು ಸಲ ಓದಿದ್ದೇನೆ. ಸಿಟ್ಟು ಮಾಡಿಕೊಳ್ಳಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಸಿಟ್ಟನ್ನು ಬರೆಯುತ್ತೇನೆ. ಹೆಸರುಗಳನ್ನು ನಿಮಗೆ ಬೇಕಾದ ಹಾಗೆ ತುಂಬಿಕೊಳ್ಳಿ.

ನನ್ನ ಹೆಸರು ಹೇಳಬಾರದೆಂದು ಯಾರೂ ಹೇಳಿಲ್ಲ. ನಾನು ಗಿರಿಜಮ್ಮ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತಳಾದವಳು. ಭದ್ರಾವತಿಯ ಹಳೇನಗರದಲ್ಲಿ ನಮ್ಮ ಮನೆ. ನನ್ನ ತಮ್ಮ ರುದ್ರೇಶ, ಅವನ ಹೆಂಡತಿ ಮಂಗಳಾ, ನಾನು, ಮೂವರೂ ಒಂದೇ ಸೂರಿನಡಿ ಇದ್ದೇವೆ. ಅಪ್ಪ ಕಾರ್ಖಾನೆಯಲ್ಲಿ ಫರ್ನೇಸ್ ಕಡೆ ದುಡಿದವರು. ರುದ್ರೇಶನ ಕಾಲಕ್ಕೆ ಅಲ್ಲಿ ಕೆಲಸ ಸಿಗುವ ಮಾತೇ ಇರಲಿಲ್ಲ. ಭದ್ರಾ ಹೊಳೆಯಲ್ಲಿ ಮೊಣಕಾಲಿನ ಮೇಲೆ ನೀರು ಬಂದರೆ ಕಿರುಚುತ್ತಿದ್ದವನು ಹಡಗಿನ ಎಂಜಿನ್ ಫಿಟ್ಟರ್ ಆಗಿ ಸಮುದ್ರಕ್ಕೆ ಹೋದ.

ಅವನಿದ್ದ ಸಣ್ಣ ಸರಕು ಹಡಗು ಎಂಜಿನ್ ಕೆಟ್ಟು, ಗಾಳಿಗೆ ತೇಲಿ, ಆಚೆ ದೇಶದ ನೀರಿಗೆ ಹೋಯಿತು. ನೀರಿನ ಮೇಲೆ ಗೆರೆ ಎಳೆದವರು ಯಾರೋ, ದಾಟಿದ ತಪ್ಪಿಗೆ ಸಿಕ್ಕಿಬಿದ್ದವನು ನನ್ನ ತಮ್ಮ. ಹಡಗಿನಲ್ಲಿದ್ದ ಬೇರೆ ಬೇರೆ ದೇಶದವರನ್ನೆಲ್ಲ ತಿಂಗಳೊಳಗೆ ಬಿಟ್ಟರು. ನಮ್ಮ ದೇಶದವನು ಇವನೊಬ್ಬನೇ. ನಮಗೂ ಆಚೆಯವರಿಗೂ ಆಗಿಬರುವುದಿಲ್ಲವಾದ್ದರಿಂದ ಇವನನ್ನು ಇಟ್ಟುಕೊಂಡರು. ಹನ್ನೊಂದು ತಿಂಗಳು ಒಂದು ಫೋನಿಲ್ಲ, ಒಂದು ಸಾಲಿನ ಪತ್ರವಿಲ್ಲ. ಇದ್ದಾನೋ ಇಲ್ಲವೋ ಎಂದು ಕೇಳಿದರೆ ದೆಹಲಿಯಿಂದ ಬರುತ್ತಿದ್ದ ಉತ್ತರ ಒಂದೇ: ವಿಷಯ ಪರಿಶೀಲನೆಯಲ್ಲಿದೆ.

ಆಮೇಲೆ ಒಂದು ದಿನ ಫೋನು ಬಂತು. ಮೂರನೇ ದೇಶವೊಂದರಲ್ಲಿ ಕೆಲವು ವಸ್ತುಗಳನ್ನು ಗುರುತಿಸಬೇಕಿದೆ, ಹೆಂಡತಿ ಮತ್ತು ರಕ್ತಸಂಬಂಧಿ ಒಬ್ಬರು ಬರಬೇಕು, ಸಂಗತಿ ಗುಟ್ಟಾಗಿರಲಿ.

ಮಂಗಳಾ ಅಡುಗೆಮನೆಯ ಹೊಸಿಲ ಮೇಲೆ ಕುಸಿದು ಕೂತಳು. "ಮನುಷ್ಯನ್ನ ಗುರುತಿಸ್ಬೇಕು ಅನ್ಲಿಲ್ಲ ಅಕ್ಕಾ. ವಸ್ತುಗಳನ್ನ ಅಂದ್ರು" ಎಂದಳು.

ಇನ್ನು ಗುಟ್ಟಿನ ವಿಷಯ. ಎರಡೇ ದಿನದಲ್ಲಿ ಪಾಸ್‌ಪೋರ್ಟ್ ಮಾಡಿಸುವ ಅವಸರದಲ್ಲಿ ಪೊಲೀಸರು ವಿಚಾರಣೆಗೆ ಬೀದಿಯ ತುದಿಯಿಂದಲೇ ನಮ್ಮ ಮನೆ ಯಾವುದೆಂದು ಕೇಳುತ್ತ ಬಂದರು. ಕಾಶಿಗೆ ಹೋಗುತ್ತಿದ್ದೇವೆ ಎಂದು ನಾನು ಎಲ್ಲರಿಗೂ ಹೇಳಿದೆ. ಪಕ್ಕದ ತಮಿಳರ ಮನೆಯ ಸೆಲ್ವಿ ಮುರುಕು ತುಂಬಿದ ಡಬ್ಬಿ ಕೈಗಿಟ್ಟು, "ಕಾಶಿಗೆ ಪಾಸ್‌ಪೋರ್ಟ್ ಎದುಕ್ಕಾ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಮಂಗಳಾಳ ಕೈ ಹಿಡಿದು, "ತಮ್ಮನ್ನ ಕರ್ಕೊಂಡು ಬಾ" ಎಂದು ಹೇಳಿ ಹೋದಳು. ಇಡೀ ಬೀದಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಗುಟ್ಟು ಕಾಯುವುದೆಂದರೆ ಅದು.

ಶಿವಮೊಗ್ಗದ ವಿಮಾನ ನಿಲ್ದಾಣ

ನಾವಿಬ್ಬರೂ ವಿಮಾನದೊಳಗೆ ಕಾಲಿಟ್ಟವರಲ್ಲ. ಶಿವಮೊಗ್ಗದ ನಿಲ್ದಾಣವನ್ನು ಹೊರಗಿನಿಂದ ಒಂದು ಸಲ ನೋಡಿ ಬಂದಿದ್ದೆವು, ಹೊಸ ಸೊಸೆಯನ್ನು ನೋಡಿ ಬಂದ ಹಾಗೆ. ಈಗ ಒಳಗೆ ಹೋದರೆ ಮಂಗಳಾಳ ಚೀಲವನ್ನು ಪಕ್ಕಕ್ಕೆ ಎಳೆದರು. ತಪಾಸಣೆಯ ಹೆಂಗಸು ಒಂದು ಪೊಟ್ಟಣ ತೆಗೆದು ಬಿಚ್ಚಿದಳು. ಒಳಗಿದ್ದದ್ದು ವಿಭೂತಿ ಗಟ್ಟಿ.

"ವಿಭೂತಿ ಅಲ್ವಾ ಅಕ್ಕಾ? ಪುಡಿ ಆಗತ್ತೆ, ಕೈಚೀಲದಲ್ಲಿ ಇಟ್ಕೊಳ್ಳಿ" ಎಂದು ತಾನೇ ಮತ್ತೆ ಕಟ್ಟಿಕೊಟ್ಟಳು. ಅರ್ಧ ನಿಮಿಷದ ಕೆಲಸ. ಆ ಹೆಂಗಸನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾಳೆ. ಅವಳು ಬರುವುದಿಲ್ಲ. ಅವಳಷ್ಟು ತಿಳಿವಳಿಕೆಯೂ ಇಲ್ಲದ ದೊಡ್ಡವರು ಬರುತ್ತಾರೆ.

ಸೋಮವಾರ, ಕಾಫಿಯ ಮನೆ

ಸಮುದ್ರದ ದಂಡೆಯ ಅರಬ್ಬೀ ಊರು ಎಂದಷ್ಟು ಹೇಳಿದರೆ ಯಾರ ತಲೆಯೂ ಹೋಗುವುದಿಲ್ಲ ಎಂದುಕೊಂಡಿದ್ದೇನೆ. ಮನೆಗಳೆಲ್ಲ ಬಿಳಿ. ಬೆಟ್ಟಗಳ ಮೇಲೆ ಒಂದು ಹುಲ್ಲುಕಡ್ಡಿಯಿಲ್ಲ. ರಸ್ತೆಯಲ್ಲಿ ಅಷ್ಟು ಕಾರುಗಳಿದ್ದರೂ ಒಂದು ಹಾರ್ನ್ ಕೇಳಲಿಲ್ಲ. ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಾರ್ನ್ ಹೊಡೆದರೆ ಸರಿ ಎಂದೂ ಅರ್ಥ, ಬಾ ಎಂದೂ ಅರ್ಥ, ಮೊನ್ನೆ ಮದುವೆಗೆ ಯಾಕೆ ಬರಲಿಲ್ಲ ಎಂದೂ ಅರ್ಥ. ಇಲ್ಲಿಯವರು ಹೇಗೆ ಮಾತಾಡಿಕೊಳ್ಳುತ್ತಾರೋ ಎಂದು ನನಗೆ ಯೋಚನೆಯಾಯಿತು.

ಮಂಗಳಾ ಸಮುದ್ರ ನೋಡಿದ್ದು ಅದೇ ಮೊದಲು. ಅವಳು ಕಂಡ ದೊಡ್ಡ ನೀರೆಂದರೆ ಮಳೆಗಾಲದ ಗಾಜನೂರು ಅಣೆಕಟ್ಟು. ಕಾರಿನ ಕಿಟಕಿಯಿಂದ ಬಹಳ ಹೊತ್ತು ನೋಡಿ, "ಇದ್ರಲ್ಲಿ ಗೆರೆ ಎಲ್ಲಿದೆ ಅಕ್ಕಾ?" ಎಂದಳು.

ನಮ್ಮನ್ನು ಕರೆದುಕೊಂಡು ಹೋಗಲು ನಮ್ಮ ಕಡೆಯ ಇಬ್ಬರು ಅಧಿಕಾರಿಗಳು ಬಂದಿದ್ದರು. ಒಬ್ಬರು ದೊಡ್ಡ ಸಾಹೇಬರು, ಉತ್ತರದವರು. ಅವರು ಮಾತಾಡುವಾಗ ನಮ್ಮ ತಲೆಯ ಮೇಲಿನ ಗೋಡೆಯನ್ನು ನೋಡುತ್ತಿದ್ದರು. ಇನ್ನೊಬ್ಬರು ಮೈಸೂರಿನ ಕಡೆಯವರು, ಕನ್ನಡ ಬಲ್ಲವರು, ಮೆತ್ತಗಿನ ಮನುಷ್ಯ. ನಾನು ಅವರನ್ನು ಮೈಸೂರು ಸಾಹೇಬರು ಎಂದು ಕರೆಯುತ್ತೇನೆ. ಇಳಿದ ತಕ್ಷಣ ನಮ್ಮನ್ನು ಅವರ ಕಚೇರಿಗೆ ಕರೆದೊಯ್ಯಬಹುದೆಂದು ನಾವು ತಯಾರಾಗಿದ್ದರೆ, ಕಾರು ಒಂದು ದೊಡ್ಡ ಮನೆಯ ಮುಂದೆ ನಿಂತಿತು. ಆ ಊರಿನ ಒಬ್ಬ ಹಿರಿಯರ ಮನೆ ಅದು. ನಮಗೂ ಆಚೆಯವರಿಗೂ ನಡುವೆ ಸಂದೇಶ ತಂದುಕೊಡುತ್ತಿದ್ದವರು ಅವರೇ. ಊರಿಗೆ ಬಂದವರು ಮೊದಲು ತಮ್ಮಲ್ಲಿ ಕಾಫಿ ಕುಡಿಯಬೇಕೆಂದು ಅವರು ಪಟ್ಟು ಹಿಡಿದಿದ್ದರಂತೆ.

ಉದ್ದನೆಯ ಬಿಳಿ ಅಂಗಿ, ತಲೆಗೆ ರುಮಾಲು, ನರೆತ ಗಡ್ಡ. ಪ್ರಾಯದಲ್ಲಿ ಮುಂಬಯಿಯಲ್ಲಿ ವ್ಯಾಪಾರ ಮಾಡಿದ್ದರಿಂದ ಹಿಂದಿ ಬರುತ್ತಿತ್ತು. ನನ್ನದು ಶಿವಮೊಗ್ಗದ ಬಜಾರಿನ ಉರ್ದು, ಕೌಂಟರಿನಲ್ಲಿ ಕೂತು ಕಲಿತದ್ದು. ಎರಡೂ ಸೇರಿ ಹೇಗೋ ಮಾತು ನಡೆಯಿತು.

ಕಾಫಿ ಎಂದರೆ ನಮ್ಮ ಕಾಫಿಯಲ್ಲ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಹಾಕಿದ ಕಹಿ ಕಷಾಯ. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಒಂದು ಗುಟುಕು ಹಾಕುತ್ತಾರೆ. ಮಂಗಳಾ ಕುಡಿದು ಬಟ್ಟಲು ಮುಂದೆ ಹಿಡಿದಳು. ಮತ್ತೆ ಹಾಕಿದರು. ಬೇಡ ಅಂದರೆ ಅವಮಾನವಾದೀತೆಂದು ಅದನ್ನೂ ಕುಡಿದಳು. ಮತ್ತೆ ಹಾಕಿದರು. ಏಳನೆಯದಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಹಿರಿಯರು ನಕ್ಕು ತಮ್ಮ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಹೀಗೆ ಹಾಗೆ ಅಲ್ಲಾಡಿಸಿ ತೋರಿಸಿದರು.

"ಸಾಕು ಅನ್ನೋದಕ್ಕೆ ನಮ್ಮಲ್ಲಿ ಹೀಗೆ ಮಾಡ್ತೀವಿ, ಮಗಳೇ. ನೀನು ಬಟ್ಟಲು ಸುಮ್ಮನೆ ಹಿಡಿದೆ. ಬೇಕು ಅಂದ್ಕೊಂಡ ಈ ಕಾಫಿ ಹಾಕೋ ಹುಡುಗ."

ನಾವೂ ನಕ್ಕೆವು. ಹನ್ನೊಂದು ತಿಂಗಳಲ್ಲಿ ಮಂಗಳಾ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆಗ ಹಿರಿಯರು ಕೇಳಿದರು: "ಪೆಟ್ಟಿಗೆ ನೋಡಿದಿರಾ?"

"ಯಾವ ಪೆಟ್ಟಿಗೆ?" ಎಂದೆ ನಾನು.

ದೊಡ್ಡ ಸಾಹೇಬರು ಕೆಮ್ಮಿದರು. ಮೈಸೂರು ಸಾಹೇಬರು ಜಮಖಾನೆಯ ಹೂವು ಎಣಿಸತೊಡಗಿದರು. ಹಿರಿಯರ ಮುಖ ಸಪ್ಪಗಾಯಿತು. ಹೋದ ಶುಕ್ರವಾರವೇ ಆಚೆಯವರಿಂದ ಒಂದು ಪೆಟ್ಟಿಗೆ ಬಂದಿತ್ತಂತೆ. ಜೊತೆಗೆ ಸಹಿಯಿಲ್ಲದ, ಮೊಹರಿಲ್ಲದ ಒಂದು ಚೀಟಿ. ಅದರಲ್ಲಿ ಎರಡೇ ಸಾಲು: "ಇವನ ಮನೆಯವರು ಇದನ್ನು ನೋಡಲಿ. ಗುರುವಾರ ಮಧ್ಯಾಹ್ನದವರೆಗೆ ಕಾಯುತ್ತೇವೆ."

"ಗುರುವಾರ ಮಧ್ಯಾಹ್ನ ನನ್ನ ಮನುಷ್ಯ ವಾಪಸು ಹೊರಡ್ತಾನೆ" ಎಂದರು ಹಿರಿಯರು. "ಉತ್ತರ ಇದ್ರೆ ಅವನ ಜೊತೆ ಹೋಗತ್ತೆ. ಇಲ್ಲದಿದ್ರೆ ಇಲ್ಲ. ಇನ್ನೊಂದು ಸಲ ಅವರು ಬಾಗಿಲು ತಟ್ಟೋದಿಲ್ಲ."

ಮಂಗಳವಾರ, ಬಿಳಿ ಹಲಗೆಯ ಕೋಣೆ

ಮನೆಯವರು ನೋಡಲಿ. ಇದರಲ್ಲಿ ತಿಳಿಯದಿರುವುದು ಏನಿದೆ? ಅಕ್ಷರ ಬಲ್ಲ ಯಾರ ಕೈಗೆ ಆ ಚೀಟಿ ಕೊಟ್ಟರೂ ಅವರು ಮನೆಯವರನ್ನು ಕರೆದು ಪೆಟ್ಟಿಗೆಯನ್ನು ಮುಂದಿಡುತ್ತಾರೆ. ನಮ್ಮವರು ನಮ್ಮನ್ನು ಒಂದು ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಪೆಟ್ಟಿಗೆಯನ್ನು ಇನ್ನೊಂದು ಕೋಣೆಯಲ್ಲಿಟ್ಟು, ಬೆಳಗ್ಗೆಯಿಂದ ಸಂಜೆಯವರೆಗೆ ಪ್ರಶ್ನೆ ಕೇಳಿದರು.

ಗೋಡೆಯಲ್ಲಿ ಬಿಳಿ ಹಲಗೆಯೊಂದಿತ್ತು. ಹಿಂದಿನ ದಿನ ಬರೆದದ್ದನ್ನು ಅರ್ಧ ಒರೆಸಿದ್ದರು. ಬೆದರಿಕೆ, ಆಹ್ವಾನ, ಅವಮಾನ, ವಿನಿಮಯದ ಬೇಡಿಕೆ ಎಂಬ ಮಾತುಗಳು ಇಂಗ್ಲಿಷಿನಲ್ಲಿ ಇನ್ನೂ ಕಾಣುತ್ತಿದ್ದವು. "ಕಾಯುತ್ತೇವೆ" ಎಂಬ ಒಂದು ಮಾತಿನ ಸುತ್ತ ಮೂರು ಬಣ್ಣದಲ್ಲಿ ಸುತ್ತು ಹಾಕಿ, ಬಾಣ ಎಳೆದು, ಪ್ರಶ್ನೆ ಚಿಹ್ನೆ ಹಾಕಿದ್ದರು. ನಾಲ್ಕು ದಿನ ಅವರು ಮಾಡಿದ ಕೆಲಸ ಅದು.

"ನಿಮ್ಮ ತಮ್ಮನಿಗೆ ಬೆಳ್ಳಿಯ ವ್ಯಾಪಾರ ಇತ್ತೇ?" ದೊಡ್ಡ ಸಾಹೇಬರ ಪ್ರಶ್ನೆ.

"ಇಲ್ಲ."

"ಬೆಳ್ಳಿ ಎಂದರೆ ನಿಮ್ಮ ಕಡೆ ಏನಾದರೂ ಸಂಕೇತ ಇದೆಯೇ?"

"ಕಾಲುಂಗುರ" ಎಂದಳು ಮಂಗಳಾ. ಅದನ್ನೂ ಬರೆದುಕೊಂಡರು.

"ಪೆಟ್ಟಿಗೆ ತೋರಿಸಿ, ನಾವೇ ಹೇಳ್ತೀವಿ" ಎಂದೆ. ಇನ್ನೂ ಆಗುವುದಿಲ್ಲ ಎಂದರು. ಯಾಕೆ ಎಂದೆ. ಮೈಸೂರು ಸಾಹೇಬರು ಅದನ್ನು ಕನ್ನಡಕ್ಕೆ ತರುವಾಗ ತಾವೇ ನಾಚಿಕೊಂಡರು: "ನೀವು ನೋಡಿದ್ರೆ ನಿಮ್ಮ ಅಭಿಪ್ರಾಯ ನಮ್ಮ ವಿಶ್ಲೇಷಣೆ ಮೇಲೆ ಪ್ರಭಾವ ಬೀರತ್ತೆ ಅಂತಾರೆ, ಅಮ್ಮಾ."

ನನ್ನ ಮೈಯೆಲ್ಲ ಉರಿಯಿತು. ಗಂಡ ಹೋಗಿ ಹನ್ನೊಂದು ತಿಂಗಳಾದ ಹೆಂಡತಿಯನ್ನು ಸಮುದ್ರ ದಾಟಿಸಿ ಕರೆಸಿ, ಗೋಡೆಯಾಚೆ ಅವನ ವಸ್ತು ಇಟ್ಟುಕೊಂಡು, ಅವಳ ಅಭಿಪ್ರಾಯದಿಂದ ತಮ್ಮ ವಿಶ್ಲೇಷಣೆಗೆ ಮೈಲಿಗೆಯಾಗುತ್ತದೆ ಎನ್ನುವ ಮನುಷ್ಯರನ್ನು ನಾನು ನೋಡಿರಲಿಲ್ಲ. ತ್ಯಾವರೆಕೊಪ್ಪದ ಸಿಂಹಧಾಮದಲ್ಲಿ ಜಾಲರಿ ಹಾಕಿದ ಬಸ್ಸಿನೊಳಗೆ ನಾವು ಕೂತಿರುತ್ತೇವೆ, ಸಿಂಹ ಹೊರಗೆ ಆರಾಮಾಗಿ ಮಲಗಿ ನಮ್ಮನ್ನು ನೋಡುತ್ತದೆ. ಆ ಕೋಣೆಯಲ್ಲಿ ನಮ್ಮ ಸ್ಥಿತಿ ಹಾಗಿತ್ತು. ಆದರೆ ಸಿಂಹ ನಮ್ಮನ್ನು ಪ್ರಶ್ನೆ ಕೇಳಿ ಸತಾಯಿಸುವುದಿಲ್ಲ.

ಸಂಜೆ ಬಿಟ್ಟಾಗ ಇಬ್ಬರೂ ಅಲ್ಲೇ ಹತ್ತಿರದ ಸಂತೆಬೀದಿಗೆ ಹೋದೆವು. ಧೂಪದ ಅಂಗಡಿಗಳ ಸಾಲು. ಮಂಗಳಾಳ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಅವಳು ಒಂಟಿ ಕಾಲಲ್ಲಿ ನಿಂತದ್ದೇ ತಡ, ಎದುರು ಅಂಗಡಿಯ ಮನುಷ್ಯ ಸ್ಟೂಲು ತಂದಿಟ್ಟ, ಕೂತುಕೋ ಎಂದು ಕೈ ಮಾಡಿದ, ಒಳಗಿಂದ ಒಂದು ಪಿನ್ನು ತಂದು ಉಂಗುಷ್ಟಕ್ಕೆ ಚುಚ್ಚಿ ಸರಿಮಾಡಿ, ಕೈಮುಗಿದು ಒಳಗೆ ಹೋದ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ನಮಗೆ ಅವನ ಭಾಷೆ ಬರುತ್ತಿರಲಿಲ್ಲ. ಒಂಟಿ ಕಾಲಲ್ಲಿ ನಿಂತ ಹೆಂಗಸಿಗೆ ಏನು ಬೇಕೆಂದು ಅವನಿಗೆ ತಿಳಿಯಿತು. ನಮ್ಮವರಿಗೆ ತಿಳಿಯದೆ ಹೋದದ್ದು ಯಾಕೆ ಎಂದು ನಾನು ದಾರಿಯುದ್ದಕ್ಕೂ ಬೈದುಕೊಂಡು ಬಂದೆ.

ಬುಧವಾರ, ಕರಡಿಗೆ

ಬುಧವಾರ ಮಧ್ಯಾಹ್ನ ಮೈಸೂರು ಸಾಹೇಬರೊಬ್ಬರೇ ಬಂದು ಬಾಗಿಲು ಹಾಕಿಕೊಂಡರು. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಒಂದು ನೀಲಿ ಅಂಗಿ, ಒಗೆದು ಮಡಚಿದ್ದು. ನಿಂತುಹೋದ ಕೈಗಡಿಯಾರ. ಆಮೇಲೆ ಬೆಳ್ಳಿಯ ಕರಡಿಗೆ.

ನಮ್ಮ ಮನೆಯಲ್ಲಿ ಲಿಂಗ ಕಟ್ಟುತ್ತಾರೆ. ಆ ಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಬೆಳ್ಳಿಯ ಭರಣಿಯೇ ಕರಡಿಗೆ. ಇದು ಅಪ್ಪನದು, ಅಪ್ಪನಿಂದ ರುದ್ರೇಶನಿಗೆ ಬಂದದ್ದು. ಪಕ್ಕದಲ್ಲಿ ಒಂದು ಕಡೆ ನೆಗ್ಗಿದೆ. ಮಂಗಳಾ ಆ ನೆಗ್ಗಿದ ಜಾಗದ ಮೇಲೆ ಬೆರಳಿಟ್ಟಳು.

"ಕೂತ್ಕೊಳ್ಳಿ ಅಮ್ಮಾ" ಎಂದರು ಮೈಸೂರು ಸಾಹೇಬರು. "ಹೇಳೋದಕ್ಕೆ ಕಷ್ಟ ಆಗತ್ತೆ. ಕರಡಿಗೆ ಖಾಲಿ ಬಂದಿದೆ. ನಮ್ಮ ಪಕ್ಕದ ಮನೆಯವರು ನಿಮ್ಮವರೇ ಇದ್ರು. ಅವರ ಯಜಮಾನರು ಹೋದಾಗ ನಾನು ನೋಡಿದೀನಿ. ಲಿಂಗನ ಕರಡಿಗೆಯಿಂದ ತೆಗೆದು ಅಂಗೈಯಲ್ಲಿ ಇಟ್ಟು ಮಣ್ಣು ಮಾಡಿದ್ರು. ಕರಡಿಗೆ ಮನೇಲಿ ಉಳೀತು. ಇವರೂ ಯಾರನ್ನೋ ಕೇಳಿ ತಿಳ್ಕೊಂಡು ಮರ್ಯಾದೆಯಿಂದ ಹಾಗೇ ಮಾಡಿ, ಕರಡಿಗೆ ಕಳಿಸಿದಾರೆ ಅಂತ ನಾನೇ ವರದಿ ಬರೆದೆ. ದೊಡ್ಡವರು ಒಪ್ಪಿದಾರೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಸರ್ಕಾರ ಬಹಿರಂಗ ಹೇಳಿಕೆ ಕೊಡತ್ತೆ. ಅವರ ವಶದಲ್ಲಿ ನಮ್ಮ ಮನುಷ್ಯ ಸತ್ತ ಅಂತ."

ಮಂಗಳಾ ಅಳಲಿಲ್ಲ. ಕರಡಿಗೆಯನ್ನು ಸೆರಗಿನೊಳಗೆ ಇಟ್ಟುಕೊಂಡು ಗೋಡೆಗೆ ಒರಗಿದಳು. ಅವರು ಹೇಳಿದ ಸಂಪ್ರದಾಯ ಸುಳ್ಳಲ್ಲ. ನನ್ನ ಅಪ್ಪನನ್ನು ಕಳಿಸಿದ್ದೂ ಹಾಗೆಯೇ.

ಆದರೆ ಅಪ್ಪ ಬದುಕಿದ್ದಾಗ ಆ ಕರಡಿಗೆ ಪ್ರತಿ ದಿನ ಖಾಲಿಯಾಗುತ್ತಿತ್ತು. ಫರ್ನೇಸಿನ ಎದುರು ನಿಲ್ಲುವವರ ಕೊರಳಲ್ಲಿ ಬೆಳ್ಳಿ ಇದ್ದರೆ ಕಾದು ಎದೆ ಸುಡುತ್ತದೆ. ಅದಕ್ಕೆ ಅಪ್ಪ ಶಿಫ್ಟಿಗೆ ಹೊರಡುವ ಮುಂಚೆ ಲಿಂಗವನ್ನು ತೆಗೆದು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಖಾಲಿ ಕರಡಿಗೆಯನ್ನು ಅಮ್ಮನ ಕೈಗೆ ಕೊಡುತ್ತಿದ್ದರು. ಖಾಲಿ ಕೊಡಬಾರದೆಂದು ಒಂದು ಚಿಟಿಕೆ ವಿಭೂತಿ ಹಾಕಿಯೇ ಕೊಡುತ್ತಿದ್ದರು. ಹೋಗಿ ಬರ್ತೀನಿ ಎಂಬ ಮಾತು ಅವರ ಬಾಯಿಂದ ನಾನು ಕೇಳಿಲ್ಲ. ಕರಡಿಗೆ ಅಮ್ಮನ ಕೈಗೆ ಬಂತೆಂದರೆ ಮನುಷ್ಯ ಕೆಲಸದ ಮೇಲಿದ್ದಾನೆ, ಬರುತ್ತಾನೆ, ಅಡುಗೆ ಇಟ್ಟಿರಬೇಕು ಎಂದರ್ಥ. ರುದ್ರೇಶನೂ ಹಡಗಿನ ಎಂಜಿನ್ ಕೋಣೆಯಲ್ಲಿ ಬಟ್ಟೆಯಲ್ಲೇ ಕಟ್ಟಿಕೊಳ್ಳುತ್ತಿದ್ದ.

"ಸಾಹೇಬ್ರೇ, ಇದ್ರೊಳಗೆ ಏನಿತ್ತು?" ಎಂದು ಕೇಳಿದೆ.

"ಏನೂ ಇರ್ಲಿಲ್ಲ ಅಮ್ಮಾ."

"ಏನೂ ಇರ್ಲಿಲ್ವಾ, ನೀವು ಏನಾದ್ರೂ ತೆಗೆದ್ರಾ?"

ಅವರು ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದರು. "ಸ್ವಲ್ಪ ಬಿಳಿ ಪುಡಿ ಇತ್ತು. ಏನೋ ಅನುಮಾನಾಸ್ಪದ ವಸ್ತು ಅಂತ ತೆಗೆದು ಪರೀಕ್ಷೆಗೆ ಇಟ್ಟಿದಾರೆ. ಒಳಗಡೆ ಸ್ಪಿರಿಟ್ ಹಾಕಿ ಒರೆಸಿದಾರೆ."

ಸ್ಪಿರಿಟ್ ಹಾಕಿ! ನಾನು ಆಗ ಏನೇನು ಅಂದೆನೋ ಎಲ್ಲ ನೆನಪಿಲ್ಲ. ನೆನಪಿರುವುದರಲ್ಲಿ ಅರ್ಧವನ್ನು ಅಚ್ಚು ಹಾಕುವಂತಿಲ್ಲ. ಶಿವಮೊಗ್ಗದ ವಿಮಾನ ನಿಲ್ದಾಣದ ಆ ಹೆಂಗಸು ಅರ್ಧ ನಿಮಿಷದಲ್ಲಿ ಓದಿದ್ದನ್ನು ಇವರು ಐದು ದಿನ ಓದಿ, ಕೊನೆಗೆ ಒರೆಸಿ ಹಾಕಿದ್ದರು. "ಆ ಪುಡಿ ತನ್ನಿ" ಎಂದೆ. ತರುವುದಿಲ್ಲ ಎಂದರೆ ಆ ಕೋಣೆಯಿಂದ ಏಳುವುದಿಲ್ಲ ಎಂದೆ.

ತಂದರು. ಮೊಹರು ಹಾಕಿದ ಪ್ಲಾಸ್ಟಿಕ್ ಚೀಲ, ಮೇಲೊಂದು ಸಂಖ್ಯೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ವಿಭೂತಿಯಲ್ಲ. ಬೂದಿಯೂ ಅಲ್ಲ. ತೆಳ್ಳನೆಯ ಹಕ್ಕಳೆ, ಅಂಚಿನಲ್ಲಿ ಎಳೆ ನೀಲಿ. ಭದ್ರಾವತಿಯಲ್ಲಿ ಹಬ್ಬಕ್ಕೆ ಮೊದಲು ಗೋಡೆಗೆ ಸುಣ್ಣ ಬಳಿಯುವಾಗ ಬಿಳುಪು ಏರಲೆಂದು ನೀಲಿ ಬೆರೆಸುವುದನ್ನು ಎಷ್ಟು ಸಲ ಮಾಡಿದ್ದೇನೋ. ಇದು ಗೋಡೆಯ ಸುಣ್ಣ. ಉಗುರಿನಲ್ಲಿ ಕೆರೆದು ತೆಗೆದದ್ದು.

ಜೈಲಿನಲ್ಲಿ ಅವನಿಗೆ ವಿಭೂತಿ ಎಲ್ಲಿಂದ ಬರಬೇಕು? ಖಾಲಿ ಕೊಡಬಾರದಲ್ಲ. ಗೋಡೆ ಕೆರೆದು ಒಂದು ಚಿಟಿಕೆ ಹಾಕಿದ್ದ.

"ಖಾಲಿ ಕೊಡಬಾರದು ಅನ್ನೋದು ಮಣ್ಣು ಮಾಡಿದವರಿಗೆ ಗೊತ್ತಾಗತ್ತಾ ಸಾಹೇಬ್ರೇ?" ಎಂದೆ. "ಸತ್ತವನು ಗೋಡೆ ಕೆರೀತಾನಾ?"

ಮಂಗಳಾ ಎದ್ದು ಬಂದು ಚೀಲದ ಮೇಲಿಂದಲೇ ಮುಟ್ಟಿದಳು. ಅವಳು ಅತ್ತದ್ದು ಆಗ. ಮೈಸೂರು ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ತಪ್ಪು ಅಮ್ಮಾ. ಅರ್ಧ ಗೊತ್ತಿದ್ದನ್ನ ಪೂರ್ತಿ ಗೊತ್ತು ಅಂತ ಬರೆದುಬಿಟ್ಟೆ" ಎಂದರು. ಅಷ್ಟು ಜನ ಅಧಿಕಾರಿಗಳಲ್ಲಿ ತಪ್ಪು ಎಂಬ ಮಾತನ್ನು ನಾನು ಕೇಳಿದ್ದು ಅವರೊಬ್ಬರ ಬಾಯಲ್ಲಿ.

ಗುರುವಾರ, ಮಧ್ಯಾಹ್ನದೊಳಗೆ

ಬೆಳಗ್ಗೆ ಎಂಟಕ್ಕೆ ದೊಡ್ಡ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಗೋಡೆ ನೋಡುತ್ತ ಕೇಳಿಸಿಕೊಂಡರು. ಇದು ಕುಟುಂಬದ ಊಹೆ ಎಂದರು. ಬಹಿರಂಗ ಹೇಳಿಕೆ ಹೊರಬಿದ್ದರೆ ಆಚೆಯವರು ಬಾಗಿಲು ಹಾಕಿಕೊಳ್ಳುತ್ತಾರೆ, ಬದುಕಿರುವವನು ಅಲ್ಲೇ ಕೊಳೆಯುತ್ತಾನೆ ಎಂದೆ. ದೆಹಲಿಗೆ ತಿಳಿಸಿದ್ದೇವೆ, ಉತ್ತರ ಬರಲಿ ಎಂದರು. ಒಂಬತ್ತಾಯಿತು. ಹತ್ತಾಯಿತು. ದೆಹಲಿಯವರು ಇನ್ನೂ ಪರಿಶೀಲಿಸುತ್ತಿದ್ದರು.

ಮಂಗಳಾ ಕರಡಿಗೆಯನ್ನು ಹಿಂದಿನ ದಿನದಿಂದ ಕೈಬಿಟ್ಟಿರಲಿಲ್ಲ. ಯಾರು ಕೇಳಿದರೂ ಕೊಟ್ಟಿರಲಿಲ್ಲ. ಹತ್ತೂವರೆಗೆ ಅವಳು ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದು, ಒಂದು ಚಿಟಿಕೆ ಪುಡಿ ಮಾಡಿ ಕರಡಿಗೆಗೆ ಹಾಕಿ ಮುಚ್ಚಳ ತಿರುಗಿಸಿದಳು.

"ಇದನ್ನ ವಾಪಸ್ ಕಳಿಸ್ಬೇಕು" ಎಂದಳು. ಮೂರು ದಿನದಲ್ಲಿ ಅವಳು ಆ ಕೋಣೆಯಲ್ಲಿ ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ದೊಡ್ಡ ಸಾಹೇಬರು ಮೊದಲ ಸಲ ಗೋಡೆ ಬಿಟ್ಟು ಅವಳ ಮುಖ ನೋಡಿದರು. ಆಚೆಯ ಸರ್ಕಾರ ಇದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತದೆಂದು ಪರಿಶೀಲಿಸದೆ ಒಂದು ವಸ್ತುವನ್ನು ಕಳಿಸುವಂತಿಲ್ಲ ಎಂದು ವಿವರಿಸತೊಡಗಿದರು.

"ಅವ್ರು ಅರ್ಥ ಮಾಡ್ಕೊಳ್ಳೋದು ಬೇಕಾಗಿಲ್ಲ" ಎಂದೆ. "ಇದು ಸರ್ಕಾರಕ್ಕೆ ಬರೆದ ಕಾಗದ ಅಲ್ಲ. ವಿಳಾಸದಾರ ನನ್ನ ತಮ್ಮ. ಅವ್ನಿಗೆ ಅರ್ಥ ಆಗತ್ತೆ. ಬೇಡ ಅನ್ನೋ ಹಾಗಿದ್ರೆ ಅವಳ ಕೈಯಿಂದ ನೀವೇ ಕಿತ್ಕೊಳ್ಳಿ, ನಾನು ನೋಡ್ತೀನಿ."

ಕಿತ್ತುಕೊಳ್ಳಲು ಅವರಿಗೆ ಆಗಲಿಲ್ಲ. ಒಪ್ಪಲೂ ಆಗಲಿಲ್ಲ. ಅಂಥ ಹೊತ್ತಿನಲ್ಲಿ ಅಧಿಕಾರಿಗಳಿಗೆ ಇದ್ದಕ್ಕಿದ್ದಂತೆ ಬೇರೆ ಕೋಣೆಯಲ್ಲಿ ಕೆಲಸ ಬರುತ್ತದೆ. ಅವರಿಗೂ ಬಂತು.

ಮೈಸೂರು ಸಾಹೇಬರು ಕಂಪ್ಯೂಟರಿನ ಮುಂದೆ ಕೂತು ಏನೋ ಬರೆದು ಕಳಿಸಿದರು. ಮೂರು ಸಾಲು. ಆಮೇಲೆ ನನಗೆ ಓದಿ ಹೇಳಿದರು: ಕುಟುಂಬ ವಸ್ತುವನ್ನು ಗುರುತಿಸಿದೆ, ವ್ಯಕ್ತಿ ಜೀವಂತ, ನನ್ನ ಹಿಂದಿನ ವರದಿ ತಪ್ಪು, ಹೇಳಿಕೆ ತಡೆಹಿಡಿಯಿರಿ. ಕೆಳಗೆ ಅವರ ಹೆಸರು. ಎದ್ದು ಕಾರಿನ ಕೀಲಿ ತೆಗೆದುಕೊಂಡರು. "ಊರು ಬಿಡೋ ಮುಂಚೆ ಹಿರಿಯರಿಗೆ ಹೇಳಿ ಹೋಗೋದು ಮರ್ಯಾದೆ ಅಲ್ವಾ ಅಮ್ಮಾ? ಬನ್ನಿ" ಎಂದರು.

ಹಿರಿಯರ ಮನೆಯ ಅಂಗಳದಲ್ಲಿ ಒಬ್ಬ ಮನುಷ್ಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಡಲು ನಿಂತಿದ್ದ. ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಇತ್ತು. ಮಂಗಳಾ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿರಿಯರ ಮುಂದೆ ಚಾಚಿದಳು. ಅವರು ಮುಚ್ಚಳ ತೆರೆಯಲಿಲ್ಲ. ಒಳಗೇನಿದೆ ಎಂದು ಕೇಳಲಿಲ್ಲ. ಕೇಳಿದ್ದು ಒಂದೇ.

"ಅವನು ನಿಮ್ಮವನೇ?"

"ನಮ್ಮವನೇ" ಎಂದೆ. "ಕೆಲಸದ ಮೇಲಿದ್ದಾನೆ. ಮನೆಗೆ ಬರಬೇಕು."

ಅವರು ತಲೆಯಾಡಿಸಿ, ಕರಡಿಗೆಯನ್ನು ತಮ್ಮ ಕರವಸ್ತ್ರದಲ್ಲಿ ಸುತ್ತಿ ಆ ಮನುಷ್ಯನ ಕೈಗೆ ಕೊಟ್ಟರು. ಅವನು ಹೋದ ಮೇಲೆ ಕಾಫಿ ಬಂತು. ಮಂಗಳಾ ಒಂದು ಬಟ್ಟಲು ಕುಡಿದು, ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು.

ಮತ್ತೆ ಶಿವಮೊಗ್ಗ

ಹೇಳಿಕೆ ಹೊರಬೀಳಲಿಲ್ಲ. ಆರು ವಾರವಾದ ಮೇಲೆ ಆಚೆಯವರು ಯಾವ ಸದ್ದೂ ಇಲ್ಲದೆ ರುದ್ರೇಶನನ್ನು ಆ ಹಿರಿಯರ ಊರಿಗೆ ತಂದು ಬಿಟ್ಟರು. ಸದ್ದು ಮಾಡಿದ್ದು ನಮ್ಮವರು. ಆಚೆ ಸರ್ಕಾರದ ಸೂಕ್ಷ್ಮ ಸಂಕೇತಗಳನ್ನು ನಮ್ಮ ಅಧಿಕಾರಿಗಳು ಚಾಣಾಕ್ಷತನದಿಂದ ಗ್ರಹಿಸಿದ್ದರ ಫಲ ಎಂದು ಟಿವಿಯಲ್ಲಿ ಬಂತು. ದೊಡ್ಡ ಸಾಹೇಬರು ಕ್ಯಾಮೆರಾದ ಮೇಲಿನ ಗೋಡೆಯನ್ನು ನೋಡುತ್ತ ಮಾತಾಡಿದರು. ಮೈಸೂರು ಸಾಹೇಬರು ಎಲ್ಲೂ ಕಾಣಲಿಲ್ಲ. ಅವರನ್ನು ಬೇರೆ ಕಡೆ ವರ್ಗ ಮಾಡಿದ್ದಾರೆಂದು ಆಮೇಲೆ ಗೊತ್ತಾಯಿತು. ಸೆಲ್ವಿ ನಮ್ಮ ಮನೆಯಲ್ಲಿ ಕೂತು ಟಿವಿಗೆ ತಮಿಳಿನಲ್ಲಿ ಏನೋ ಅಂದಳು. ಅರ್ಥ ಕೇಳಲಿಲ್ಲ. ಮನಸ್ಸಿಗೆ ಹಿತವಾಯಿತು.

ಶಿವಮೊಗ್ಗದ ನಿಲ್ದಾಣಕ್ಕೆ ನಾನೂ ಮಂಗಳಾಳೂ ಹೋಗಿದ್ದೆವು. ಬಾಗಿಲಿನಿಂದ ಹೊರಬಂದವನು ಅರ್ಧ ಆಗಿದ್ದ. ಗಡ್ಡದಲ್ಲಿ ಬಿಳಿ ಬಂದಿತ್ತು. ಕೊರಳಲ್ಲಿ ಅಪ್ಪನ ಕರಡಿಗೆ ಇತ್ತು. ಮಂಗಳಾ ಅದನ್ನೇ ನೋಡುತ್ತ ನಿಂತಳು.

ದಾರಿಯಲ್ಲಿ ಕಾರಿನಲ್ಲಿ ಅವನು ಹೇಳಿದ್ದು ಇಷ್ಟು. ಒಂದು ದಿನ ಜೈಲಿನ ಅಧಿಕಾರಿಯೊಬ್ಬ ಬಂದು, ಬರೆಯುವ ಹಾಗಿಲ್ಲ, ಮನೆಗೆ ಏನಾದರೂ ಕಳಿಸುವುದಿದ್ದರೆ ಕೊಡು, ನಿನ್ನವರು ನಿನ್ನನ್ನು ತಮ್ಮವನು ಅಂದರೆ ನೋಡೋಣ ಎಂದನಂತೆ. ಅಷ್ಟೇ ಸಂಗತಿ. ಬೆದರಿಕೆಯಲ್ಲ, ವಿನಿಮಯವಲ್ಲ, ಬೆಳ್ಳಿಯ ಸಂಕೇತವಲ್ಲ. ಬಿಳಿ ಹಲಗೆಯ ಮೇಲೆ ಮೂರು ಬಣ್ಣದಲ್ಲಿ ಸುತ್ತು ಹಾಕಿ ಐದು ದಿನ ಕಾಯಿಸಿದ್ದು ಈ ಮಾತಿಗೆ. ಕಾಲು ಗಂಟೆ ತಡವಾಗಿದ್ದರೆ ನನ್ನ ತಮ್ಮನನ್ನು ಬದುಕಿರುವಾಗಲೇ ಟಿವಿಯಲ್ಲಿ ಮಣ್ಣು ಮಾಡುತ್ತಿದ್ದರು.

ಹಳೇನಗರದ ಸೇತುವೆ ಬಂದಾಗ ರುದ್ರೇಶ ಮಂಗಳಾಳ ಕಡೆ ತಿರುಗಿದ. "ಕರಡಿಗೆಯಲ್ಲಿ ಒಂದು ಚಿಟಿಕೆ ಇಟ್ಟಿದ್ದೆ. ವಿಭೂತಿ ಇರ್ಲಿಲ್ಲ, ಗೋಡೇದೇ ಇಟ್ಟೆ. ಸಿಕ್ತಾ?"

"ಸಿಕ್ತು" ಎಂದಳು ಮಂಗಳಾ.

ಸಿಕ್ಕಿಲ್ಲ. ಆ ಚಿಟಿಕೆ ಸುಣ್ಣ ಇವತ್ತಿಗೂ ಮೊಹರು ಹಾಕಿದ ಚೀಲದಲ್ಲಿ, ಸಂಖ್ಯೆ ಹಚ್ಚಿಸಿಕೊಂಡು, ಯಾವುದೋ ಕಪಾಟಿನಲ್ಲಿ ಕೂತಿದೆ. ನಾಲ್ಕು ಅರ್ಜಿ ಬರೆದಿದ್ದೇನೆ. ಅದು ರಹಸ್ಯ ಕಡತದ ಭಾಗ, ಕೊಡಲಾಗುವುದಿಲ್ಲ ಎಂದು ನಾಲ್ಕು ಸಲವೂ ಉತ್ತರ ಬಂದಿದೆ. ಬಿಡಕ್ಕಾ, ಗೋಡೆ ಸುಣ್ಣಕ್ಕೆ ಯಾಕೆ ಅಷ್ಟು ಎನ್ನುವವರಿದ್ದಾರೆ. ಮೂವತ್ತೊಂದು ವರ್ಷ ನಾನು ಆ ಕೌಂಟರಿನಲ್ಲಿ ಕೂತು ಕಲಿತದ್ದು ಒಂದೇ ಪಾಠ: ಕಳಿಸಿದವನು ಕಳಿಸಿದ್ದು ವಿಳಾಸದಾರರ ಕೈ ಸೇರಬೇಕು. ಮಂಗಳಾ ನನ್ನ ತಮ್ಮನಿಗೆ ಹೇಳಿದ ಸುಳ್ಳು ಅದೊಂದೇ. ಅದನ್ನು ನಿಜ ಮಾಡುವವರೆಗೆ ಬಿಡುವುದಿಲ್ಲ. ಐದನೆಯ ಅರ್ಜಿಯನ್ನು ಇವತ್ತು ಬೆಳಗ್ಗೆ ರಿಜಿಸ್ಟರ್ ಮಾಡಿ ಬಂದೆ.